ಎರಡು ಸಲ ಚುಚ್ಚಿದ ಪಿನ್ನು

ನಾಸಿಕ್ ರೋಡ್
14 ಜನವರಿ 2025, ಸಂಕ್ರಮಣ

ಚಿ. ಭಾಗ್ಯಶ್ರೀಗೆ ಆಶೀರ್ವಾದ.

ನೀನು ಕಳಿಸಿದ ಎಳ್ಳುಂಡೆಯ ಡಬ್ಬಿ ಮುಟ್ಟಿತು. ಅದರೊಳಗೆ ಮಡಚಿ ಇಟ್ಟಿದ್ದ ಕಾಗದವೂ ಮುಟ್ಟಿತು. “ಫೋನ್ ಮಾಡಿ ಹೇಳಾಕ ಏನಾಗಿತ್ತು ಸೊಸಿಗೆ?” ಎಂದು ಪಕ್ಕದ ಮನೆಯ ಶಾಂತಾಬಾಯಿ ಕೇಳಿದಳು. ನನ್ನ ಕಿವಿಯ ಸಂಗತಿ ಗೊತ್ತಿದ್ದೂ ಕೇಳುತ್ತಾಳೆ. ಕಿವಿಯ ಮಷೀನು ಹಾಕಿಕೊಂಡು ಫೋನು ಹಿಡಿದರೆ ಬರೀ ಸೀಟಿ ಕೇಳಿಸುತ್ತದೆ, ತೆಗೆದರೆ ಏನೂ ಕೇಳಿಸುವುದಿಲ್ಲ. ನನಗೆ ಕಾಗದವೇ ಸರಿ. ದಿನಾ ಡೈರಿ ಬರೆಯುವ ಕೈಗೆ ಇದು ಭಾರವಲ್ಲ.

ನೀನು ಬರೆದದ್ದನ್ನು ಮತ್ತೆ ಮತ್ತೆ ಓದಿದೆ. ಮಾರ್ಚಿನಲ್ಲಿ ಹೋಳಿಯ ರಜೆಗೆ ಮಗಳು ವೈಷ್ಣವಿಯನ್ನು ಕರೆದುಕೊಂಡು ಕೊಂಕಣದ ವೇಳಾಸಿಗೆ ಹೋಗಬೇಕು. ಆಮೆಯ ಮರಿಗಳು ಮರಳಿನಿಂದ ಎದ್ದು ಸಮುದ್ರಕ್ಕೆ ಹೋಗುವುದನ್ನು ಅವಳಿಗೆ ತೋರಿಸಬೇಕು. ನಾನೂ ಬರಬೇಕು. ನಾನು ಬರದಿದ್ದರೆ ಅವಳು ಹೋಗುವುದಿಲ್ಲ ಎಂದಿದ್ದಾಳೆ.

ಭಾಗ್ಯಾ, ಅದು ಯಾವ ಸಮುದ್ರ ಎಂದು ನಿನಗೆ ಗೊತ್ತಿದೆ. ಎರಡು ವರ್ಷದ ಹಿಂದೆ ದಸರೆ ರಜೆಯಲ್ಲಿ ನನ್ನ ಮಗ ಫ್ಯಾಕ್ಟರಿಯ ಗೆಳೆಯರ ಕೂಡ ಈಜಲು ಇಳಿದ ಸಮುದ್ರ. ಅವನ ದೇಹವನ್ನು ಕೂಡ ಅದು ನಮಗೆ ಕೊಡಲಿಲ್ಲ. ಆ ಊರಿನ ಹೆಸರನ್ನು ನಾನು ಡೈರಿಯಲ್ಲೂ ಬರೆದಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ಸತ್ತವರ ಎಡ ಅಂಗೈಯಲ್ಲಿ ಅವರ ಲಿಂಗ ಇಟ್ಟು ಮಣ್ಣು ಕೊಡುವ ಮನೆತನ ನಮ್ಮದು. ನನ್ನ ಸಂಗಮನಾಥನಿಗೆ ಮಣ್ಣು ಸಿಗಲಿಲ್ಲ. ಆಗ ನಮ್ಮೂರ ಮಠದ ಸ್ವಾಮಿಗಳು ಹೇಳಿದ್ದು ನಿನಗೂ ನೆನಪಿರಬೇಕು. “ಕೊರಳಾಗ ಲಿಂಗ ಇತ್ತಲ್ಲವ್ವಾ? ಮತ್ತ್ಯಾಕ ಅಳತಿ? ನೀರೇ ಅವನ ಗದ್ದುಗಿ ಅಂತ ತಿಳಿ.” ಆ ಒಂದು ಮಾತಿನ ಮೇಲೆ ನಾನು ಇಲ್ಲಿಯವರೆಗೆ ಉಂಡಿದ್ದೇನೆ, ಮಲಗಿದ್ದೇನೆ. ಲಿಂಗ ಅವನ ಜೊತೆಗಿದೆ. ಅವನು ಒಬ್ಬನೇ ಇಲ್ಲ.

ಹುಡುಗಿಗೆ ಪ್ರಾಣಿ ಪಕ್ಷಿ ನೋಡುವ ಆಸೆ ಇದ್ದರೆ ನಿಫಾಡದ ಆಚೆ ನಾಂದೂರ ಮಧಮೇಶ್ವರದಲ್ಲಿ ಹಕ್ಕಿಗಳು ಬಂದು ಇಳಿದಿವೆ. ಮುಂಜಾನೆ ಹೋದರೆ ಸಂಜೆಗೆ ಮನೆಯಲ್ಲಿ ರೊಟ್ಟಿ ತಿನ್ನಬಹುದು, ವಸತಿಯ ಖರ್ಚೂ ಇಲ್ಲ. ದಂಡೆಯ ಮೇಲೆ ನಿಂತು ನೋಡುವುದು ಅಷ್ಟೇ. ನೀರಿಗೆ ಇಳಿಯುವ ಮಾತೇ ಬರುವುದಿಲ್ಲ.

ಸಮುದ್ರಕ್ಕೆ ನಾನು ಬರುವುದಿಲ್ಲ.

ನಿನ್ನ ಅತ್ತಿ,
ಕಾಶಿಬಾಯಿ


ಛತ್ರಪತಿ ಸಂಭಾಜಿನಗರ
21 ಜನವರಿ 2025

ಪೂಜ್ಯ ಅತ್ತಿಯವರಿಗೆ ಶರಣಾರ್ಥಿ.

ನೀವು ಬೇಡ ಅನ್ನುತ್ತೀರಿ ಎಂದು ಗೊತ್ತಿತ್ತು. ಆದರೂ ಮತ್ತೆ ಬರೆಯುತ್ತಿದ್ದೇನೆ, ಏಕೆಂದರೆ ಹೋದ ಕಾಗದದಲ್ಲಿ ಪೂರ್ತಿ ಹೇಳಿರಲಿಲ್ಲ.

ಡಿಸೆಂಬರಿನಲ್ಲಿ ಶಾಲೆಯವರು ಮಕ್ಕಳನ್ನು ಪೈಠಣಕ್ಕೆ ಕರೆದುಕೊಂಡು ಹೋಗಿದ್ದರು. ವೈಷ್ಣವಿಯ ಗೆಳತಿ ಅಶ್ವಿತಾ ಗೋದಾವರಿಯಲ್ಲಿ ಕಾಲು ತೊಳೆಯಲು ಎರಡು ಮೆಟ್ಟಿಲು ಇಳಿದಳು. ಇವಳು ಮೇಲೆ ನಿಂತು ಕಿರುಚಿದಳು. ಅಶ್ವಿತಾ ಮೇಲೆ ಬಂದು ಕೈ ಹಿಡಿದ ಮೇಲೂ ಕಿರುಚುತ್ತಿದ್ದಳಂತೆ. ಟೀಚರ್ ನನ್ನನ್ನು ಕರೆಸಿದರು. ಮನೆಯಲ್ಲೂ ಹಾಗೆಯೇ. ನಾನು ಸ್ನಾನಕ್ಕೆ ಹೋದರೆ ಬಚ್ಚಲ ಬಾಗಿಲಿನ ಹೊರಗೆ ಕೂತು ಕೇಳುತ್ತಿರುತ್ತಾಳೆ: “ಮಮ್ಮಿ, ಇದ್ದೀ?” ನಾನು “ಇದ್ದೀನವ್ವಾ” ಅನ್ನಬೇಕು. ತಂಬಿಗೆಯ ಸದ್ದು ನಿಂತರೆ ಮತ್ತೆ ಕೇಳುತ್ತಾಳೆ. ಹನ್ನೊಂದು ವರ್ಷದ ಹುಡುಗಿ, ಅತ್ತಿ.

ಆಮೇಲೆ ಶಾಲೆಯಲ್ಲಿ ಒಬ್ಬರು ಸರ್ ಆಮೆಗಳ ಚಿತ್ರ ತೋರಿಸಿದರು. ಅವತ್ತು ಬಂದು ಹೇಳಿದಳು: “ಮಮ್ಮಿ, ಅವು ಹುಟ್ಟಿದ ಕೂಡ್ಲೇ ಸಮುದ್ರಕ್ಕ ಹೋಗತಾವ. ದೊಡ್ಡವಾದ ಮ್ಯಾಲ ಮೊಟ್ಟಿ ಇಡಾಕ ವಾಪಸ್ ಬರತಾವಂತ. ಖರೇನ ವಾಪಸ್ ಬರತಾವ. ನಾ ನೋಡಬೇಕು.” ಎರಡು ವರ್ಷದಲ್ಲಿ ಅವಳು ಬಾಯಿ ಬಿಟ್ಟು ನನ್ನನ್ನು ಕೇಳಿದ್ದು ಇದೊಂದೇ. ನಿಫಾಡದ ಹಕ್ಕಿ ಚೆಂದವೇ. ಆದರೆ ಅವಳು ಕೇಳಿದ್ದು ಹಕ್ಕಿಯಲ್ಲ.

ವಸತಿಯ ಚಿಂತೆ ನೀವು ಮಾಡಬೇಡಿ. ನಾನು ವೇರೂಳಿನ ಯಾತ್ರಿ ನಿವಾಸದ ಕೌಂಟರಿನಲ್ಲಿ ಕೂತು ದಿನಾ ಮಂದಿಗೆ ಖೋಲಿ ಕೊಡುವವಳು. ಫೋಟೋದಲ್ಲಿ ಹಾಸಿಗೆ ಮಾತ್ರ ಇದ್ದು ಬಚ್ಚಲು ಕಾಣಿಸದಿದ್ದರೆ ಆ ಬಚ್ಚಲು ಹೇಗಿರುತ್ತದೆ ಎಂದು ನನಗೆ ಗೊತ್ತು. ಸಮುದ್ರ ಕಾಣುವ ಖೋಲಿ ಅಂದರೆ ಮಾಳಿಗೆಯ ಮೂಲೆಯಲ್ಲಿ ನಿಂತು ಕತ್ತು ಚಾಚಬೇಕು ಎಂಬುದೂ ಗೊತ್ತು. ದಾಪೋಲಿಯ ಕಡೆಯ ರಿಸಾರ್ಟುಗಳು ನಮಗಲ್ಲ, ಒಂದು ದಿನದ ಬಾಡಿಗೆಗೆ ನನ್ನ ಅರ್ಧ ಪಗಾರ ಹೋಗುತ್ತದೆ. ಹರಿಹರೇಶ್ವರದಲ್ಲಿ ಸಾಧಾರಣ ಲಾಡ್ಜುಗಳಿವೆ, ಆದರೆ ಅಲ್ಲಿಂದ ದೋಣಿಯಲ್ಲಿ ಖಾಡಿ ದಾಟಿ ಬರಬೇಕು, ಬೆಳಿಗ್ಗೆ ಮರಿ ಬಿಡುವ ಹೊತ್ತಿಗೆ ಮುಟ್ಟುವುದಿಲ್ಲ. ವೇಳಾಸಿನಲ್ಲಿ ಊರಿನವರೇ ಮನೆಯ ಒಂದು ಖೋಲಿ ಕೊಡುತ್ತಾರೆ. ನೆಲದ ಮೇಲೆ ಗಾದಿ, ಎರಡು ಹೊತ್ತು ಊಟ, ಚಹಾ, ನಾಷ್ಟಾ ಎಲ್ಲ ಸೇರಿ ನಮ್ಮಂಥವರಿಗೆ ಆಗುವಷ್ಟು. ಇನ್ನೂ ಯಾರ ಮನೆ ಎಂದು ಗೊತ್ತು ಮಾಡಿಲ್ಲ. ನಿಮ್ಮ ಮಾತಿಗೆ ಕಾಯುತ್ತಿದ್ದೇನೆ.

ನಿಮ್ಮ ಸೊಸೆ,
ಭಾಗ್ಯಶ್ರೀ


ನಾಸಿಕ್ ರೋಡ್
30 ಜನವರಿ 2025

ಚಿ. ಭಾಗ್ಯಶ್ರೀಗೆ ಆಶೀರ್ವಾದ.

“ಮಮ್ಮಿ, ಇದ್ದೀ?” ಎಂಬ ಸಾಲನ್ನು ನನ್ನ ಡೈರಿಯಲ್ಲಿ ಇಳಿಸಿಕೊಂಡೆ.

ನಾನು ಬರುತ್ತೇನೆ ಎಂದು ಇನ್ನೂ ಹೇಳುತ್ತಿಲ್ಲ. ಕೆಲವು ಮಾತು ಕೇಳುತ್ತೇನೆ. ವೇಳಾಸಿನಿಂದ ಆ ಊರು ಎಷ್ಟು ದೂರ? ದಾರಿಯಲ್ಲಿ ಬರುತ್ತದೆಯೇ? ಆ ಮನೆಯವರು ಮೀನು ಬೇಯಿಸುವ ಒಲೆಯ ಮೇಲೆಯೇ ನಮಗೆ ಅನ್ನ ಮಾಡುತ್ತಾರೆಯೇ? ಮುಂಜಾನೆ ಲಿಂಗಪೂಜೆಗೆ ಕೂರಲು ಗದ್ದಲವಿಲ್ಲದ ಒಂದು ಮೂಲೆ ಇದೆಯೇ? ನನ್ನ ಮೊಣಕಾಲು ಗೊತ್ತಿದೆಯಲ್ಲ, ಸಂಡಾಸು ಎಂಥದ್ದು?

ಶಾಂತಾಬಾಯಿಗೆ ನಿನ್ನ ಕಾಗದ ಓದಿ ಹೇಳಿದೆ. “ಆಮೀ ನೋಡಾಕ ಅಷ್ಟು ದೂರ ಹೋಗ್ತೀರಿ? ನಮ್ಮ ಮನೆಯವರು ಖುರ್ಚಿಯಿಂದ ಏಳೂದು ನೋಡ್ರಿ, ಅಷ್ಟೇ ಹೊತ್ತು ಹಿಡೀತದ” ಎಂದಳು. ಬಹಳ ದಿನದ ಮೇಲೆ ನನಗೆ ನಗು ಬಂತು. ಬಂದ ಮೇಲೆ ಹೆದರಿಕೆಯಾಯಿತು.

ನಿನ್ನ ಅತ್ತಿ,
ಕಾಶಿಬಾಯಿ


ಛತ್ರಪತಿ ಸಂಭಾಜಿನಗರ
8 ಫೆಬ್ರುವರಿ 2025

ಪೂಜ್ಯ ಅತ್ತಿಯವರಿಗೆ ಶರಣಾರ್ಥಿ.

ಮನೆ ಸಿಕ್ಕಿತು. ಮನೆಯೊಡತಿ ಸುಭದ್ರಾಕಾಕು ಎಂಬುವರು. ಅವರ ಅಡುಗೆಮನೆಯಲ್ಲಿ ಮೀನು ಇಲ್ಲ, ತಾವೇ ತಿನ್ನುವುದಿಲ್ಲವಂತೆ. ಹಿತ್ತಲಲ್ಲಿ ತುಳಸಿಕಟ್ಟೆಯ ಪಕ್ಕ ಜಗಲಿ ಇದೆ, ಪೂಜೆಗೆ ಅಲ್ಲಿ ಕೂರಬಹುದು. ಸಂಡಾಸು ನಿಮಗೆ ಬೇಕಾದಂಥದ್ದೇ. ಬಿಸಿನೀರಿಗೆ ಕಟ್ಟಿಗೆ ಉರಿಸುವ ತಾಮ್ರದ ಬಂಬು ಇದೆ. ಮರಿಗಳು ಖಂಡಿತ ಕಾಣುತ್ತವೆಯೇ ಎಂದು ಕೇಳಿದೆ. “ಆಮೆ ನಮ್ಮ ಕೈಯಲ್ಲಿ ಇದೆಯೇನೇ ಬಾಯಿ?” ಎಂದು ಮರಾಠಿಯಲ್ಲಿ ನಕ್ಕರು. ಗೂಡಿನಿಂದ ಮರಿ ಎದ್ದ ದಿನ ಬೆಳಿಗ್ಗೆ ಮತ್ತು ಸಂಜೆ ಊರಿನವರು ಅವನ್ನು ಸಮುದ್ರಕ್ಕೆ ಬಿಡುತ್ತಾರೆ. ಏಳದಿದ್ದರೆ ಇಲ್ಲ. ಹಾಗೆ ನೇರವಾಗಿ ಹೇಳಿದ್ದಕ್ಕೆ ಅವರ ಮನೆಯನ್ನೇ ಗೊತ್ತು ಮಾಡಿದೆ. ಮೂವರ ಹೆಸರು ಬರೆಸಿದ್ದೇನೆ, ಮಾರ್ಚ್ 14ರಿಂದ 16.

ಆ ಊರು ಅಲ್ಲಿಂದ ಬಸ್ಸಿನಲ್ಲಿ ಎರಡು ತಾಸಿಗೂ ಹೆಚ್ಚು, ದಕ್ಷಿಣಕ್ಕೆ. ನಮ್ಮ ದಾರಿಯಲ್ಲಿ ಬರುವುದಿಲ್ಲ. ನಾವಿಬ್ಬರೂ ಇಲ್ಲಿಂದ ರೈಲಿಗೆ ನಾಸಿಕ್ ರೋಡಿಗೆ ಬರುತ್ತೇವೆ. ಅಲ್ಲಿಂದ ಕಲ್ಯಾಣ, ಪನ್ವೆಲ್, ಆಮೇಲೆ ಮಂಡಣಗಡಕ್ಕೆ ಎಸ್.ಟಿ. ಬಸ್ಸು. ಹೆಣ್ಣುಮಕ್ಕಳಿಗೆ ಅರ್ಧ ಟಿಕೀಟು.

ಇಲ್ಲಿ ಯಾತ್ರಿ ನಿವಾಸದಲ್ಲಿ ಶಿವರಾತ್ರಿಯ ತಯಾರಿ ನಡೆದಿದೆ. ಈಗಲೇ ಎಲ್ಲ ಖೋಲಿ ತುಂಬಿವೆ, ವರಾಂಡದಲ್ಲೂ ಚಾಪೆ ಹಾಕಬೇಕು. ಉತ್ತರ ತಡವಾದರೆ ತಪ್ಪು ತಿಳಿಯಬೇಡಿ.

ನಿಮ್ಮ ಸೊಸೆ,
ಭಾಗ್ಯಶ್ರೀ

(ಅದೇ ಲಕೋಟೆಯಲ್ಲಿ, ನಾಲ್ಕು ಗೆರೆಯ ನೋಟ್‌ಬುಕ್ಕಿನ ಹಾಳೆ)

ಆಯಿ, ನೀ ಕಲಿಸಿದ ಕನ್ನಡದಾಗ ಬರದೀನಿ. ತಪ್ಪ ಆದ್ರ ನಗಬ್ಯಾಡ. ಮಮ್ಮಿ ಅಂಟಿಸೂ ಮೊದಲ ಇದು ಒಳಗ ಹಾಕತೀನಿ. ನೀ ಬರತಿ ಅಂತ ಮಮ್ಮಿ ಹೇಳ್ಯಾಳ. ಖೂಪ್ ಖುಷಿ ಆತು. ಒಂದ್ ವಿಚಾರಬೇಕು. ಕಪಾಟದಾಗ ಪಪ್ಪಾನ ನೀಲಿ ಶರ್ಟ್ ಅದ. ಅದರ ಖಿಸಾದಾಗ ಪಪ್ಪಾನ ಲಿಂಗ ಅದ. ನಾ ಮ್ಯಾಲಿಂದ ಕೈ ಹಚ್ಚಿ ನೋಡೀನಿ, ಗುಂಡಗ ಅದ. ಅದನ್ನೂ ತರೂಣೇನ? ಪಪ್ಪಾ ಮರತು ಹೋಗ್ಯಾನ. ಸಮುದ್ರಕ್ಕ ಕೊಟ್ರ ಅವನಿಗೆ ಮುಟ್ಟತದ? ವೈಷ್ಣವಿ.


ನಾಸಿಕ್ ರೋಡ್
15 ಫೆಬ್ರುವರಿ 2025

ಇದು ಕಾಗದವಲ್ಲ. ನಿನ್ನೆಯ ಡೈರಿಯ ಪುಟ. ಹರಿದು ಕಳಿಸುತ್ತಿದ್ದೇನೆ.

“ಲಿಂಗ ಅವನ ಕೊರಳಲ್ಲಿ ಇರಲಿಲ್ಲ ಎಂದು ಇವತ್ತು ತಿಳಿಯಿತು. ನನ್ನ ಮೊಮ್ಮಗಳಿಗೆ ಗೊತ್ತಿತ್ತು. ಸೊಸೆಗೆ ಗೊತ್ತಿತ್ತು. ನನಗೆ ಮಾತ್ರ ಗೊತ್ತಿರಲಿಲ್ಲ. ಎರಡು ವರ್ಷ ಪ್ರತಿದಿನ ಪೂಜೆಯ ಹೊತ್ತಿನಲ್ಲಿ ಅವನ ಕೈಯಲ್ಲಿ ಲಿಂಗ ಇದೆ ಎಂದುಕೊಂಡು ನನ್ನ ಕೈಯ ಲಿಂಗವನ್ನು ನೋಡಿದೆ. ಅವನು ಬರಿಗೊರಳಲ್ಲಿ ಹೋದ. ಕಟ್ಟುವುದನ್ನೇ ಬಿಟ್ಟಿದ್ದನೇ? ಓಝರಿನ ಫ್ಯಾಕ್ಟರಿ ಕ್ವಾರ್ಟರಿನಲ್ಲಿ ಸೊಸೆಯ ಕೂಡ ಇರಲು ಹೋದ ಮೇಲೆ ಬಿಟ್ಟನೇ? ಗೆಳೆಯರ ನಡುವೆ ನಾಚಿಕೆಯಾಯಿತೇ? ಅವಳೇ ಬೇಡ ಅಂದಳೇ? ಯಾರನ್ನು ಕೇಳಲಿ?”

ಭಾಗ್ಯಶ್ರೀ, ವೇಳಾಸಿನ ಮನೆಗೆ ನನ್ನ ಹೆಸರು ಬೇಡ. ಊರಿನಿಂದ ಮೈದುನ ರಾಚಪ್ಪನನ್ನು ನಿನ್ನ ಹತ್ತಿರ ಕಳಿಸುತ್ತಿದ್ದೇನೆ. ಲಿಂಗವನ್ನು ಅವನ ಕೈಗೆ ಕೊಡು. ಹೊಲದಲ್ಲಿ ನಿನ್ನ ಮಾವನ ಗದ್ದುಗೆಯ ಪಕ್ಕ ಮಣ್ಣು ಮಾಡುತ್ತೇವೆ. ಅದು ಕಪಾಟದಲ್ಲಿ ಇರುವಂಥದ್ದಲ್ಲ.

ಕಾಶಿಬಾಯಿ


ಛತ್ರಪತಿ ಸಂಭಾಜಿನಗರ
2 ಮಾರ್ಚ್ 2025

ಪೂಜ್ಯ ಅತ್ತಿಯವರಿಗೆ ಶರಣಾರ್ಥಿ.

ಶಿವರಾತ್ರಿಯ ಜಂಗುಳಿ ಮುಗಿಯುವವರೆಗೆ ಬರೆಯಲು ಆಗಲಿಲ್ಲ. ನಿಜ ಹೇಳಬೇಕೆಂದರೆ, ಆಗುತ್ತಿತ್ತು. ಕೂತು ಬರೆದೆ, ಹರಿದೆ.

ರಾಚಪ್ಪ ಕಾಕಾ ಬಂದಿದ್ದರು. “ಕೊಡವ್ವಾ, ನಿಮ್ಮತ್ತಿ ಕಳಿಸ್ಯಾಳ” ಎಂದರು. “ಕಾಕಾ, ಊಟ ಮಾಡ್ರಿ, ಚಹಾ ಕುಡೀರಿ. ಅದನ್ನ ಕೊಡೂದಿಲ್ರಿ” ಎಂದೆ. “ಅಲ್ಲವ್ವಾ, ನಿಮ್ಮಿಬ್ಬರ ನಡುವ ನಾ ಯಾಕ ಬಸ್ಸಿನಾಗ ಕುಂಡಿ ತೇದುಕೊಂಡು ಬರಬೇಕು?” ಎಂದು ಬೈದು, ಊಟ ಮಾಡಿ, ವೈಷ್ಣವಿಯ ಕೈಯಲ್ಲಿ ಪೇಪರ್‌ಮಿಂಟ್ ಇಟ್ಟು ಹೋದರು. ನನ್ನ ಮೇಲಿನ ಸಿಟ್ಟನ್ನು ಅವರ ಮೇಲೆ ತೆಗೆಯಬೇಡಿ.

ವೈಷ್ಣವಿಯ ಪಪ್ಪಾ ಲಿಂಗ ಕಟ್ಟುವುದನ್ನು ಬಿಟ್ಟಿರಲಿಲ್ಲ. ದಿನಾ ಡ್ಯೂಟಿಗೆ ಹೋಗುವ ಮೊದಲು ಪೂಜೆ ಮಾಡಿಯೇ ಹೋಗುತ್ತಿದ್ದರು. ನಾನು ಬೇಡ ಅಂದೆನೇ ಎಂದು ನೀವು ಕೇಳಿದ್ದೀರಿ. ಅದಕ್ಕೆ ನಾನು ಉತ್ತರ ಕೊಡುವುದಿಲ್ಲ.

ಪೊಲೀಸ್ ಠಾಣೆಯ ಹೊರಗೆ ಅವರ ಗೆಳೆಯ ಹೃಷಿಕೇಶ ನನ್ನ ಕೈಗೆ ಆ ಶರ್ಟು ಕೊಟ್ಟ. “ವೈನಿ, ಖೋಲಿಯೊಳಗ ಗೂಟಕ್ಕ ತೂಗಹಾಕಿದ್ದ. ಕಿಸೆದಾಗ ಏನೋ ಅದ, ನಾ ಮುಟ್ಟಿಲ್ಲ” ಎಂದ. ಕಿಸೆಯ ಬಾಯಿಗೆ ಪಿನ್ನು ಹಾಕಿತ್ತು. ಹೆಂಗಸರು ಸೀರೆಗೆ ಹಚ್ಚುವಂಥ ಪಿನ್ನು. ಅವರಿಗೆ ಅದು ಎಲ್ಲಿ ಸಿಕ್ಕಿತೋ ಇಂದಿಗೂ ನನಗೆ ತಿಳಿದಿಲ್ಲ. ಆ ಪಿನ್ನನ್ನು ನಾನು ಈವರೆಗೆ ಬಿಚ್ಚಿಲ್ಲ. ಹಾಕಿದವರೇ ಬಂದು ಬಿಚ್ಚಲಿ ಎಂದು ಮೊದಮೊದಲು ಇಟ್ಟೆ. ಆಮೇಲೆ ಬಿಚ್ಚುವ ಧೈರ್ಯ ಬರಲಿಲ್ಲ.

ಅವತ್ತು ನಾನು ಶರ್ಟು ತೆಗೆದುಕೊಂಡು ಮನೆಗೆ ಬರುವಷ್ಟರಲ್ಲಿ ಸ್ವಾಮಿಗಳು ನಿಮಗೆ ಆ ಮಾತು ಹೇಳಿ ಆಗಿತ್ತು. ಅಲ್ಲಿಯವರೆಗೆ ನೀರು ಮುಟ್ಟದಿದ್ದ ನೀವು ಗಂಜಿಯ ಬಟ್ಟಲು ಕೈಯಲ್ಲಿ ಹಿಡಿದಿದ್ದಿರಿ. ನಾನು ಏನು ಹೇಳಬೇಕಿತ್ತು, ಅತ್ತಿ? ಆ ಬಟ್ಟಲು ಕಸಿದುಕೊಳ್ಳಬೇಕಿತ್ತೇ?

ವೈಷ್ಣವಿ ಒಂದೇ ಮಾತು ಕೇಳಿದಳು: “ನಾ ಬರದದ್ದಕ್ಕ ಆಯಿ ಸಿಟ್ಟಾದಳ?” ಇಲ್ಲ ಎಂದೆ. ನಂಬಲಿಲ್ಲ. ನಿಮ್ಮ ಹೆಸರನ್ನು ವೇಳಾಸಿನಲ್ಲಿ ತೆಗೆಸಿಲ್ಲ.

ಭಾಗ್ಯಶ್ರೀ


ನಾಸಿಕ್ ರೋಡ್
5 ಮಾರ್ಚ್ 2025

ಭಾಗ್ಯಶ್ರೀ,

ಒಂದು ಮಾತು ನೋಡಿ ಬರೆ. ಶರ್ಟು ಹೊರಗೆ ತೆಗೆ, ಪಿನ್ನು ಬಿಚ್ಚಬೇಡ. ಕಿಸೆಯ ಬಾಯಿಗೆ ಪಿನ್ನು ಒಂದು ಸಲ ಚುಚ್ಚಿದೆಯೋ, ಎರಡು ಸಲವೋ? ಎರಡು ಸಲ ಎಂದರೆ, ಒಳಗೆ ಹೋಗಿ ಹೊರಗೆ ಬಂದು ಮತ್ತೆ ಒಳಗೆ ಹೋಗಿ ಬಂದಿದೆಯೋ? ಪಿನ್ನಿನ ಮುಖ ಯಾವ ಕಡೆಗಿದೆ?

ಸ್ಪೀಡ್ ಪೋಸ್ಟಿನಲ್ಲಿ ಕಳಿಸು.

ಕಾಶಿಬಾಯಿ


ಛತ್ರಪತಿ ಸಂಭಾಜಿನಗರ
8 ಮಾರ್ಚ್ 2025

ಅತ್ತಿಯವರಿಗೆ,

ಎರಡು ಸಲ. ಒಳಗೆ ಹೋಗಿ ಹೊರಗೆ ಬಂದು ಮತ್ತೆ ಒಳಗೆ ಹೋಗಿದೆ. ಮುಖ ಎದೆಯ ಕಡೆಗೆ, ಬಟ್ಟೆಯೊಳಗೆ. ಹೊರಗಿನಿಂದ ಸಣ್ಣ ಗೆರೆ ಮಾತ್ರ ಕಾಣುತ್ತದೆ. ಇಷ್ಟು ದಿನ ಇದನ್ನು ನಾನು ಗಮನಿಸಿರಲಿಲ್ಲ.

ಯಾಕೆ ಕೇಳಿದಿರಿ?

ಭಾಗ್ಯಶ್ರೀ


ನಾಸಿಕ್ ರೋಡ್
10 ಮಾರ್ಚ್ 2025

ಚಿ. ಭಾಗ್ಯಶ್ರೀಗೆ ಆಶೀರ್ವಾದ.

ಯಾಕೆ ಕೇಳಿದೆ ಎಂದು ಹೇಳುತ್ತೇನೆ.

ಸಂಗಮನಾಥ ಸಣ್ಣವನಿದ್ದಾಗ ಬೇಸಿಗೆಗೆ ಊರಿಗೆ ಹೋಗುತ್ತಿದ್ದೆವು. ಹೊಲದಲ್ಲಿ ದೊಡ್ಡ ಬಾವಿ, ಮೆಟ್ಟಿಲಿನದು. ಹುಡುಗರೆಲ್ಲ ದಿನವಿಡೀ ಅದರೊಳಗೇ. ಒಂದು ದಿನ ಮೇಲಿಂದ ಜಿಗಿದವನ ಕೊರಳಿನಿಂದ ಶಿವದಾರ ಕಳಚಿ ಲಿಂಗ ನೀರಿಗೆ ಬಿತ್ತು. ಲಿಂಗ ಕಳೆದರೆ ಸಿಗುವವರೆಗೆ ಉಣ್ಣಬಾರದು. ಅವನು ಉಣ್ಣಲಿಲ್ಲ, ಹಾಗಾಗಿ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ನಿನ್ನ ರಾಚಪ್ಪ ಕಾಕಾ ಮುಳುಗಿ ಮುಳುಗಿ ಹುಡುಕಿದ. ಕೊನೆಗೆ ಕೆಸರಿನಿಂದ ತೆಗೆದುಕೊಂಡು ಮೇಲೆ ಬಂದಾಗ ಅವನ ತುಟಿಗಳು ನೀಲಿಗಟ್ಟಿದ್ದವು.

ಮರುದಿನ ನಾನು ನನ್ನ ಬಳೆಗೆ ಹಚ್ಚಿದ್ದ ಪಿನ್ನು ತೆಗೆದು ಅವನಿಗೆ ಕಲಿಸಿಕೊಟ್ಟೆ. ನೀರಿಗಿಳಿಯುವ ಮೊದಲು ಲಿಂಗ ತೆಗೆ, ಅಂಗಿಯ ಕಿಸೆಯಲ್ಲಿ ಇಡು, ಬಾಯಿಗೆ ಪಿನ್ನು ಹಾಕು. ಒಂದು ಸಲ ಚುಚ್ಚಿದರೆ ಬಿಚ್ಚಿಕೊಳ್ಳುತ್ತದೆ, ಎರಡು ಸಲ ಚುಚ್ಚು. ಮುಖ ಒಳಗೆ ಇರಲಿ, ಯಾರ ಕೈಗೂ ತಾಗಬಾರದು. “ಮ್ಯಾಲ ಬಂದ ಕೂಡ್ಲೇ ಕಟ್ಕೋಬೇಕು ಮತ್ತ” ಎಂದೆ. “ಹ್ಞೂಂ ಅವ್ವಾ, ಬಂದ ಕೂಡ್ಲೇ” ಎಂದ. ನಾಸಿಕ್ಕಿನಲ್ಲೂ, ದೊಡ್ಡವನಾದ ಮೇಲೂ, ಅವನ ಪಾಕೀಟಿನಲ್ಲಿ ಒಂದು ಪಿನ್ನು ಇರುತ್ತಿತ್ತು. ನಾನೇ ಇಡುತ್ತಿದ್ದೆ. ಮದುವೆಯ ಮುಂಚೆ ಇಟ್ಟದ್ದನ್ನು ಅವನು ತೆಗೆದಿರಲಿಲ್ಲ ಎಂದು ಕಾಣುತ್ತದೆ.

ಅವನು ಮರೆತು ಹೋಗಲಿಲ್ಲ, ಭಾಗ್ಯಾ. ಬಿಟ್ಟೂ ಹೋಗಲಿಲ್ಲ. ಬಂದ ಕೂಡಲೇ ಕಟ್ಟಿಕೊಳ್ಳಲು ಇಟ್ಟು ಹೋಗಿದ್ದ. ಆ ಪುಟದಲ್ಲಿ ನಿನ್ನ ಬಗ್ಗೆ ಬರೆದ ಸಾಲುಗಳನ್ನು ಹೊಡೆದು ಹಾಕು. ಪುಟವನ್ನೇ ಸುಟ್ಟರೂ ಸರಿ.

ಲಿಂಗವನ್ನು ಊರಿಗೆ ಒಯ್ಯುವುದಿಲ್ಲ. ಅಲ್ಲಿ ಅವನಿಲ್ಲ. ಸ್ವಾಮಿಗಳನ್ನು ಕೇಳುವುದಿಲ್ಲ, ಅವರು ಮತ್ತೊಂದು ಮಾತು ಹೇಳಿದರೆ ಹೊರುವ ಶಕ್ತಿ ನನಗಿಲ್ಲ. ಶರ್ಟನ್ನು ಇದ್ದ ಹಾಗೆಯೇ ಚೀಲದಲ್ಲಿ ತಾ.

ರೊಟ್ಟಿ, ಶೇಂಗಾ ಹಿಂಡಿ ನಾನು ಕಟ್ಟಿಕೊಳ್ಳುತ್ತೇನೆ. ಎಸ್.ಟಿ.ಯಲ್ಲಿ ವೈಷ್ಣವಿಗೆ ವಾಂತಿಯಾಗುತ್ತದೆ, ಲಿಂಬೆಹಣ್ಣು ಮರೆಯಬೇಡ. ನಾಸಿಕ್ ರೋಡಿನ ಪ್ಲಾಟ್‌ಫಾರ್ಮಿನ ಮೇಲೆ ನಿಂತಿರುತ್ತೇನೆ.

ನಿನ್ನ ಅತ್ತಿ,
ಕಾಶಿಬಾಯಿ


ಛತ್ರಪತಿ ಸಂಭಾಜಿನಗರ
24 ಮಾರ್ಚ್ 2025

ಪೂಜ್ಯ ಅತ್ತಿಯವರಿಗೆ ಶರಣಾರ್ಥಿ.

ಸುಖವಾಗಿ ಮುಟ್ಟಿದೆವು. ವೈಷ್ಣವಿಯ ಚಪ್ಪಲಿಯೊಳಗಿನಿಂದ ಇನ್ನೂ ಮರಳು ಬೀಳುತ್ತದೆ, ಗುಡಿಸಲು ಬಿಡುವುದಿಲ್ಲ. ಸುಭದ್ರಾಕಾಕು ಫೋನ್ ಮಾಡಿ ನಿಮ್ಮನ್ನು ಕೇಳಿದರು. ನಿಮ್ಮ ಶೇಂಗಾ ಹಿಂಡಿ ಅವರ ಮನೆಯಲ್ಲಿ ಇನ್ನೂ ಉಳಿದಿದೆಯಂತೆ, ಗಂಡನಿಗೆ ಕೊಡದೆ ಮುಚ್ಚಿಟ್ಟಿದ್ದಾರೆ.

ಮೊದಲ ಸಂಜೆ ಒಂದು ಮರಿಯೂ ಏಳಲಿಲ್ಲ. ಹುಡುಗಿ ಜನರನ್ನು ತಡೆಯಲು ಕಟ್ಟಿದ್ದ ಹಗ್ಗ ಹಿಡಿದು ನಿಂತೇ ಇದ್ದಳು, ಊಟ ಮಾಡಲಿಲ್ಲ. ಇಷ್ಟು ದೂರ ಬಂದು ಹೀಗಾಯಿತಲ್ಲ ಎಂದು ನಾನು ಕೊರಗಿದೆ. ನೀವು ಮಾತ್ರ “ನಾಳಿ ಏಳತಾವ” ಎಂದು ಮಲಗಿದಿರಿ. ಮರುದಿನ ಬೆಳಿಗ್ಗೆ ಮರಿಗಳ ಬುಟ್ಟಿ ತಂದು ಮರಳಿನ ಮೇಲೆ ಇಟ್ಟರು. ಒಂದು ಮರಿ ದಾರಿ ತಪ್ಪಿ ಹಿಂದಕ್ಕೆ ತಿರುಗಿದಾಗ ನೀವು ಬಗ್ಗಿ ಎತ್ತಲು ಹೋದಿರಿ. “ಮಾವಶಿ, ಹಾತ ಲಾವೂ ನಕಾ, ಮುಟ್ಟಬೇಡಿ! ಅವು ತಾವೇ ಹೋಗಬೇಕು” ಎಂದು ಬುಟ್ಟಿ ತಂದಿದ್ದ ಹುಡುಗ ಕೂಗಿದ. ನಿಮಗೆ ಕೇಳಿಸಲಿಲ್ಲ. ವೈಷ್ಣವಿ ನಿಮ್ಮ ಸೆರಗು ಜಗ್ಗಿದಳು. ಅವಳು ನಕ್ಕಳು, ಅತ್ತಿ. ನಾನು ನೋಡಿದೆ.

ಜನ ಹೋದ ಮೇಲೆ ನಡೆದದ್ದನ್ನು ನಾವು ಮೂವರೂ ಮಾತಾಡಿಲ್ಲ. ಈಗ ಬರೆಯುತ್ತಿದ್ದೇನೆ, ಏಕೆಂದರೆ ನೀವು ಸಮುದ್ರದ ಕಡೆ ಮುಖ ಮಾಡಿದ್ದಿರಿ, ನಮ್ಮನ್ನು ನೋಡಲಿಲ್ಲ.

ಸುಭದ್ರಾಕಾಕುವಿನ ಹಿತ್ತಲ ಜಗಲಿಯ ಮೇಲೆ ಕೂತು ನೀವು ಆ ಪಿನ್ನು ಬಿಚ್ಚಿದಿರಿ. ಅವರ ಲಿಂಗವನ್ನು ಎಡಗೈಯಲ್ಲಿಟ್ಟು ಪೂಜೆ ಮಾಡಿದಿರಿ. ಮತ್ತೆ ದಂಡೆಗೆ ಬಂದ ಮೇಲೆ, ನಾನು ಅಂದುಕೊಂಡಿರದ ಕೆಲಸ ಮಾಡಿದಿರಿ. ನಿಮ್ಮ ಕೊರಳಿನ ಲಿಂಗ ತೆಗೆದು ವೈಷ್ಣವಿಯ ಫ್ರಾಕಿನ ಕಿಸೆಯಲ್ಲಿ ಇಟ್ಟಿರಿ. ಅದೇ ಪಿನ್ನಿನಿಂದ ಬಾಯಿ ಹೊಲಿದಿರಿ, ಎರಡು ಸಲ. “ನೀರಿಗಿಳೀತೀನಿ. ನಾ ಬರೂತನಕಾ ಇದು ನಿನ್ನ ಕಡೆ ಇರಲಿ” ಎಂದಿರಿ. ಅವಳು ಬಾಯಿ ತೆರೆದಳು. ಈಗ ಕಿರುಚುತ್ತಾಳೆ ಎಂದುಕೊಂಡೆ. ಕಿರುಚಲಿಲ್ಲ.

ನೀವು ಇಳಿದಿರಿ. ಮೊಣಕಾಲಿನವರೆಗೆ ನೀರು. ಅವಳು ಎರಡೂ ಕೈಗಳನ್ನು ಕಿಸೆಯ ಮೇಲೆ ಒತ್ತಿಕೊಂಡು ನಿಂತಳು. ಅಪ್ಪಿಕೊಳ್ಳಲು ಹೋದೆ. “ಮಮ್ಮಿ, ಸೋಡ, ಬಿಡು ನನ್ನ. ಆಯೀದು ನನ್ನ ಕಡೆ ಅದ. ಅಕಿ ಬರಲೇಬೇಕು” ಎಂದಳು. ನೀವು ಕೈ ಮುಂದೆ ಚಾಚಿದ್ದು ಕಂಡಿತು. ಆಮೇಲೆ ನೀವು ಬಹಳ ಹೊತ್ತು ನಿಂತಿರಿ. ಓಡಿ ಬರೋಣ ಎಂದು ನಾನು ಕಾಲು ಕಿತ್ತರೆ ಅವಳು ನನ್ನ ಕೈ ಗಟ್ಟಿ ಹಿಡಿದಳು. ಯಾರು ಯಾರನ್ನು ಹಿಡಿದಿದ್ದೆವೋ ಗೊತ್ತಿಲ್ಲ.

ಈಗ ಅವಳು ಬಚ್ಚಲ ಬಾಗಿಲಿನ ಹೊರಗೆ ಕೂರುವುದಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಕೂರುತ್ತಾಳೆ. ಆದರೆ ನಿನ್ನೆ ಪುಸ್ತಕ ಓದುತ್ತ ಕೂತಿದ್ದಳು. ಒಮ್ಮೆ ಮಾತ್ರ ಕರೆದಳು.

ಒಂದು ಮಾತು ಕೇಳಬೇಕು. ಕೇಳಬಾರದೇನೋ, ಆದರೂ ಕೇಳುತ್ತೇನೆ. ಕೈ ಚಾಚಿದ ಮೇಲೆ, ತೆರೆ ಹಿಂದಕ್ಕೆ ಸರಿಯುವಾಗ, ನೀವು ಒಂದು ಹೆಜ್ಜೆ ಮುಂದೆ ಇಟ್ಟಿರಿ. ಯಾಕೆ ಇಟ್ಟಿರಿ, ಅತ್ತಿ?

ನಿಮ್ಮ ಸೊಸೆ,
ಭಾಗ್ಯಶ್ರೀ


ನಾಸಿಕ್ ರೋಡ್
30 ಮಾರ್ಚ್ 2025, ಯುಗಾದಿ

ಚಿ. ಭಾಗ್ಯಶ್ರೀಗೆ, ಚಿ. ವೈಷ್ಣವಿಗೆ ಆಶೀರ್ವಾದ.

ಬೇವು ಬೆಲ್ಲ ಶಾಂತಾಬಾಯಿಗೆ ಕೊಟ್ಟು ಬಂದು ಬರೆಯುತ್ತಿದ್ದೇನೆ. ಅವರ ಮನೆಯ ಮುಂದೆ ಪಾಡವಾದ ಗುಡಿ, ಬಟ್ಟೆ ಕಟ್ಟಿದ ಕೋಲು, ಏರಿಸಿದ್ದಾರೆ. ಆಮೆಯ ಕಥೆ ಹೇಳಿದೆ. “ಅಷ್ಟು ಸಣ್ಣ ಮರಿ ಅಷ್ಟು ದೊಡ್ಡ ನೀರಿನಾಗ ಹೋಗಿ ಏನು ಮಾಡತದ್ರಿ?” ಎಂದು ಕೇಳಿದಳು.

ನೀನು ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ. ಇದನ್ನು ವೈಷ್ಣವಿಗೆ ಈಗ ಓದಿಸಬೇಡ.

ಲಿಂಗವನ್ನು ನೀರಿಗೆ ಬಿಟ್ಟೆ. ಸದ್ದೇ ಆಗಲಿಲ್ಲ. ಬಾವಿಗೆ ಬಿದ್ದಾಗ ಆಗಿದ್ದಷ್ಟೂ ಆಗಲಿಲ್ಲ. ಎಡಗೈ ಖಾಲಿಯಾಯಿತು. ತೆರೆ ಹಿಂದಕ್ಕೆ ಹೋಗುವಾಗ ಅಂಗಾಲಿನ ಕೆಳಗಿನ ಮರಳನ್ನೂ ಎಳೆದುಕೊಂಡು ಹೋಗುತ್ತದೆ, ನಿಂತವರಿಗೇ ಅದು ಗೊತ್ತು. ಯಾರೋ ಪಾದ ಹಿಡಿದು ಬಾ ಅಂದಂತೆ ಆಗುತ್ತದೆ. ಎರಡು ವರ್ಷ ನಾನು ಬಯಸಿದ್ದು ಅದನ್ನೇ, ಭಾಗ್ಯಾ. ಡೈರಿಯಲ್ಲಿ ಕೂಡ ಬರೆಯಲಿಲ್ಲ. ಹೌದು, ಒಂದು ಹೆಜ್ಜೆ ಇಟ್ಟೆ.

ನೀರು ತೊಡೆಗೆ ಬಂತು. ಹೆದರಿಕೆಯಾಯಿತು. ಹೆದರಿಕೆಯಾದಾಗ ಕೈ ತಾನೇ ಎದೆಯ ಮೇಲಿನ ಲಿಂಗಕ್ಕೆ ಹೋಗುತ್ತದೆ, ಬುದ್ಧಿ ಬಂದಾಗಿನಿಂದ ಹಾಗೆಯೇ. ಹೋಯಿತು. ಎದೆಯ ಮೇಲೆ ಏನೂ ಇರಲಿಲ್ಲ. ದಂಡೆಯ ಮೇಲೆ ಇತ್ತು, ಫ್ರಾಕಿನ ಕಿಸೆಯಲ್ಲಿ. ಬಂದ ಕೂಡಲೇ ಕಟ್ಟಿಕೊಳ್ಳುತ್ತೇನೆ ಎಂದು ಇಟ್ಟು ಬಂದದ್ದು.

ತಿರುಗಿದೆ. ಬರುವಾಗ ಮೊಣಕಾಲು ಬಹಳ ನೋಯಿತು, ಅದಕ್ಕೇ ತಡವಾಯಿತು.

ಅವನ ಲಿಂಗದ ಖಾಲಿ ಕರಡಿಗೆ ನನ್ನ ದೇವರ ಜಗಲಿಯ ಮೇಲೆ ಇದೆ. ಶರ್ಟು ನಿನ್ನಲ್ಲೇ ಇರಲಿ. ಒಗೆಯಬೇಕೆನಿಸಿದರೆ ಒಗೆ.

ಮೇ ತಿಂಗಳಲ್ಲಿ ಊರಿಗೆ ಬನ್ನಿ. ಬಾವಿಯಲ್ಲಿ ಈ ಸಲ ನೀರಿದೆ ಎಂದು ರಾಚಪ್ಪ ಹೇಳಿದ. ಹುಡುಗಿಗೆ ಈಜು ಕಲಿಸುತ್ತಾನಂತೆ. ಅವಳು ಒಲ್ಲೆ ಅಂದರೆ ಒತ್ತಾಯ ಬೇಡ, ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು ನೋಡಲಿ. ಇಳಿದರೆ ನಾನು ಅಲ್ಲೇ ಕೂತಿರುತ್ತೇನೆ, ಅವಳು ಮೇಲೆ ಬರುವವರೆಗೆ.

ಪಿನ್ನು ಅವಳ ಹತ್ತಿರವೇ ಇದೆ. ಬರುವಾಗ ಮರೆಯದೆ ತರಲು ಹೇಳು.

ನಿಮ್ಮ ಅತ್ತಿ, ನಿಮ್ಮ ಆಯಿ,
ಕಾಶಿಬಾಯಿ